ಒಂದು ಹೆಜ್ಜೆಯ ಮುನ್ನೋಟ

ವಿದ್ಯುತ್ ಪರಿವರ್ತಕಗಳ ಮುನ್ನೋಟ ನಿಯಂತ್ರಣದ ಮಾತು ಬಂದೊಡನೆ, ಚಿಲಿ ದೇಶದ ಹೊಸೆ ರೊಡ್ರಿಗೆಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಇನ್ವರ್ಟರ್ ಪ್ರಬಂಧವನ್ನು ಆಕರಗ್ರಂಥದಂತೆ ಸ್ಮರಿಸುವುದು ವಾಡಿಕೆಯಾಗಿದೆ. ಅದರ ಪ್ರಸಾದಗುಣವನ್ನು ನಾನು ಅಲ್ಲಗಳೆಯುವವನಲ್ಲ. ಮೂರು ಫೇಸಿನ ಇನ್ವರ್ಟರಿಗೆ ಸ್ವಿಚ್ ಸ್ಥಿತಿಗಳು 8, ಅವುಗಳಿಂದ ಹುಟ್ಟುವ ಭಿನ್ನ ವೋಲ್ಟೇಜ್ ಸದಿಶಗಳು 7; ಒಂದೊಂದಕ್ಕೂ ಮುಂದಿನ ಕ್ಷಣದ ಕರೆಂಟನ್ನು ಲೆಕ್ಕಹಾಕಿ, ಅಪೇಕ್ಷಿತ ಕರೆಂಟಿಗೆ ಅತಿ ಸಮೀಪವಾದುದನ್ನು ಆರಿಸಿ, ಮಾಡ್ಯುಲೇಟರಿನ ಹಂಗಿಲ್ಲದೆ ನೇರವಾಗಿ ಪ್ರಯೋಗಿಸುವ ಆ ವಿಧಾನವು ಎಂತಹ ವಿದ್ಯಾರ್ಥಿಗೂ ಸುಗಮವಾದುದು. ಆದರೆ ಸುಬೋಧತೆಯನ್ನೇ ಶ್ರೇಷ್ಠತೆಯೆಂದು ಬಗೆದು ಅದಕ್ಕೆ ಸಲ್ಲಿಸಿದ ಗೌರವವು ಯೋಗ್ಯತೆಯನ್ನು ಮೀರಿದುದೆಂದೂ, ತೋಬಿಯಾಸ್ ಗೈಯರ್ ಮೊದಲಾದ ಸಂಶೋಧಕರ ದೀರ್ಘದಿಗಂತದ, ಅಂದರೆ ಹಲವು ಹೆಜ್ಜೆ ಮುಂದೆ ನೋಡುವ, ಕಾರ್ಯವು ಅದರ ನೆರಳಿನಲ್ಲಿ ಉಳಿಯಿತೆಂದೂ ನನ್ನ ದೃಢವಾದ ಅಭಿಪ್ರಾಯ.

ಆ ಒಂದು ಹೆಜ್ಜೆಯ ವಿಧಾನದ ಪ್ರಾಣವಿರುವುದು ಅಪೇಕ್ಷಿತ ಕರೆಂಟಿಗಿರುವ ಸಾಮೀಪ್ಯವನ್ನು ಅಳೆಯುವ ವೆಚ್ಚಫಲನದಲ್ಲಿ. ಮೂಲದಲ್ಲಿ ಅದು ಎರಡು ಅಕ್ಷಗಳ ಕರೆಂಟು ದೋಷಗಳ ನಿರಪೇಕ್ಷ ಮೌಲ್ಯಗಳ ಮೊತ್ತ. ಸ್ವಿಚ್ಚಿನ ಪ್ರತಿಯೊಂದು ಬದಲಾವಣೆಯೂ ಶಕ್ತಿನಷ್ಟವನ್ನು ತರುವುದರಿಂದ, ಅನುಯಾಯಿಗಳು ಬದಲಾವಣೆಗಳ ಸಂಖ್ಯೆಯನ್ನು ಭಾರಾಂಕವೊಂದರಿಂದ ಗುಣಿಸಿ ಅದೇ ಮೊತ್ತಕ್ಕೆ ಕೂಡಿಸಿದರು. ಇಲ್ಲಿ ನಿಂತು ನೋಡಬೇಕು. ಒಂದು ಮಾದರಿ ಅವಧಿಯಲ್ಲಿ ಸ್ವಿಚ್ಚು ಕರೆಂಟನ್ನು ಎಷ್ಟು ದೂರ ಸರಿಸಬಲ್ಲದೆಂಬುದು ವೋಲ್ಟೇಜು, ಇಂಡಕ್ಟೆನ್ಸು ಮತ್ತು ಆ ಅವಧಿಯ ಉದ್ದ ಇವುಗಳಿಂದ ನಿಶ್ಚಿತವಾದ ಮಿತಿ. ದೋಷವು 1 ಆಂಪಿಯರಾಗಿರಲಿ, 100 ಆಂಪಿಯರಾಗಿರಲಿ, ನಿರಪೇಕ್ಷ ಮೌಲ್ಯದಿಂದ ಅಳೆದಾಗ ಬದಲಾವಣೆಯ ಲಾಭವು ಆ ಮಿತಿಯನ್ನು ದಾಟದು. ಭಾರಾಂಕವು ಅದಕ್ಕಿಂತ ಹೆಚ್ಚಾದೊಡನೆ ಬದಲಾವಣೆಯು ಎಂದಿಗೂ ಲಾಭಕರವೆನಿಸದೆ, ದೋಷವು ಕಣ್ಣೆದುರಿಗೇ ಬೆಳೆಯುತ್ತಿದ್ದರೂ ನಿಯಂತ್ರಕವು ಸ್ತಬ್ಧವಾಗಿ ನಿಲ್ಲುವುದು. ದೋಷದ ವರ್ಗವನ್ನು ಕೂಡಿಸಿದರೆ ಹೀಗಾಗದು. ದೋಷ ಬೆಳೆದಂತೆ ಅದನ್ನು ತಗ್ಗಿಸುವ ಲಾಭವೂ ಬೆಳೆದು, ಯಾವುದೋ ಘಟ್ಟದಲ್ಲಿ ಸ್ವಿಚ್ಚು ತಿರುಗಲೇಬೇಕಾಗುತ್ತದೆ. ಕರಮನಾಕೋಸ್, ಗೈಯರ್ ಮತ್ತು ಕೆನೆಲ್ ಇದನ್ನು ವಿಶದವಾಗಿ ವಿವೇಚಿಸಿರುವಾಗಲೂ, ನಿರಪೇಕ್ಷ ಮೌಲ್ಯವನ್ನು ಗಣನೆಯ ಸೌಲಭ್ಯಕ್ಕಾಗಿ ಉಳಿಸಿಕೊಂಡು, ಭಾರಾಂಕವನ್ನು ಅಂದಾಜಿನಿಂದ ತಿದ್ದುತ್ತ ಕೂರುವುದು ಶಾಸ್ತ್ರಕ್ಕೆ ಒಪ್ಪುವ ನಡತೆಯಲ್ಲ.

ಇನ್ನು ವಿಮರ್ಶಕರ ವಿಚಾರ. ಸ್ತುತಿಪಕ್ಷದವರು ಹೊಸ ವಿಧಾನವನ್ನು ಹಳೆಯ ಮಾಡ್ಯುಲೇಷನ್ನಿನೊಡನೆ ತೂಗುವಾಗ ಸ್ವಿಚಿಂಗ್ ಆವೃತ್ತಿ ಎರಡು ಕಡೆಯೂ ಸಮವಾಗಿದೆಯೇ ಎಂದು ವಿಚಾರಿಸದೆ, ಕರೆಂಟು ಆದೇಶವನ್ನು ಬೆನ್ನಟ್ಟುವ ವೇಗವನ್ನಷ್ಟೇ ತೋರಿಸಿ ಜಯಘೋಷ ಮಾಡುತ್ತಾರೆ. ಸಮಾನ ಆವೃತ್ತಿಯಲ್ಲಿ ಕರೆಂಟಿನ ವಿಕೃತಿಯನ್ನು ಅಳೆದು ನೋಡಿದರೆ ಒಂದು ಹೆಜ್ಜೆಯ ಮುನ್ನೋಟದ ಮೇಲುಗೈ ಬಹುಮಟ್ಟಿಗೆ ಕರಗುವುದು. ಪ್ರತಿಪಕ್ಷದವರಾದರೋ, ಸಾಂಪ್ರದಾಯಿಕವಾದ ಪಿಐ (ಅನುಪಾತ-ಸಮಾಕಲನ) ನಿಯಂತ್ರಕವೊಂದಿದ್ದರೆ ಸಾಕು, ಮಿಕ್ಕುದೆಲ್ಲ ಪಾಂಡಿತ್ಯಪ್ರದರ್ಶನ ಎನ್ನುತ್ತಾರೆ. ಮಧ್ಯಮ ವೋಲ್ಟೇಜಿನ ದೊಡ್ಡ ಡ್ರೈವುಗಳಲ್ಲಿ ಸ್ವಿಚ್ಚುಗಳು ಸೆಕೆಂಡಿಗೆ ಕೆಲವೇ ನೂರು ಸಲ ತಿರುಗಬಲ್ಲವಾದ್ದರಿಂದ, ಅಲ್ಲಿ ಒಂದೊಂದು ಬದಲಾವಣೆಯನ್ನೂ ದೂರ ನೋಡಿಯೇ ವ್ಯಯಿಸಬೇಕೆಂಬುದು ಇವರ ಗಮನಕ್ಕೆ ಬಂದಂತಿಲ್ಲ.

ದೂರ ನೋಡುವುದು ಸುಲಭವೂ ಅಲ್ಲ. ಮೂರು ಮಟ್ಟದ ಪರಿವರ್ತಕಕ್ಕೆ ಸ್ಥಿತಿಗಳು 27. ಹತ್ತು ಹೆಜ್ಜೆ ಮುಂದಕ್ಕೆ ನೋಡಿದರೆ ಪರೀಕ್ಷಿಸಬೇಕಾದ ಸರಣಿಗಳು 200 ಲಕ್ಷ ಕೋಟಿಗೂ ಮಿಗಿಲು. ಗೈಯರ್ ಮತ್ತು ಕೆವೆಡೊ 2014ರಲ್ಲಿ, ಸಂಪರ್ಕಶಾಸ್ತ್ರದ ಗೋಳಶೋಧ ವಿಧಾನವನ್ನು ಇಲ್ಲಿಗೆ ಅಳವಡಿಸಿ, ಒಂದು ಗೋಳದ ಹೊರಗೆ ಬೀಳುವ ಸರಣಿಗಳನ್ನು ಕೈಬಿಡುತ್ತ, ಪರಮೋತ್ತಮವಾದುದನ್ನು ಕಳೆದುಕೊಳ್ಳದೆಯೇ ಶೋಧವನ್ನು ಕಿರಿದುಗೊಳಿಸಿದರು. ಆ ಗೋಳವು ರೂಪುಗೊಳ್ಳುವುದಾದರೂ ವೆಚ್ಚಫಲನದಲ್ಲಿ ದೋಷದ ವರ್ಗವಿರುವುದರಿಂದಲೇ.