ಹತ್ತಡಿ ಪಡಸಾಲೆಗೆ ಎಷ್ಟು ಅಗಲದ ಲೆನ್ಸ್ ಬೇಕು?

ಸಣ್ಣ ರೂಮಲ್ಲಿ ವಿಡಿಯೊ ಮಾಡ್ಬೇಕು, ಕೈಗೆಟುಕೋ ರೇಟಲ್ಲಿ ಯಾವ ಲೆನ್ಸ್ ತಗೊಳ್ಲಿ ಅಂತ ಯಾರನ್ನೇ ಕೇಳಿ, ಉತ್ತರ ಒಂದೇ: ಆದಷ್ಟೂ ವೈಡ್ ತಗೊಂಡುಬಿಡು. ಹತ್ತು ಎಂಎಂ ಸಿಕ್ಕರೆ ಹತ್ತು, ಎಂಟು ಸಿಕ್ಕರೆ ಇನ್ನೂ ವಾಸಿ. ಹೀಗೆ ಹೇಳೋರಲ್ಲಿ ಒಬ್ಬರೂ ರೂಮು ಎಷ್ಟಡಿ, ಕಿಟಕಿ ಎಷ್ಟು, ಅಲ್ಲಿ ಕೂರೋರು ಯಾರು ಅಂತ ಕೇಳಿದ್ದನ್ನ ನಾನು ನೋಡಿಲ್ಲ. ಚಪ್ಪಲಿ ಅಂಗಡಿಯವನು ಕಾಲಿನ ಸೈಜ್ ಕೇಳದೆ ಎಲ್ಲರಿಗೂ ಹನ್ನೊಂದನೇ ನಂಬರ್ ಕೊಟ್ಟ ಹಾಗಿದೆ ಇದು.

ಹಾಗಾಗಿ ಮೊದಲು ಟೇಪ್ ಹಿಡಿದು ಅಳೆಯೋಣ. ನನ್ನ ಲೆಕ್ಕದ ಮನೆ ಸಿರಿಗೇರಿಯಲ್ಲಿದೆ, ಅಮ್ಮನ ತವರುಮನೆ. ಬಳ್ಳಾರಿ-ಸಿರುಗುಪ್ಪ ಕಡೆಯ ಹಳೇ ಮಾಳಿಗೆ ಮನೆ ನೋಡಿದವರಿಗೆ ಬಿಡಿಸಿ ಹೇಳೋದು ಬೇಕಿಲ್ಲ. ದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಕಿಟಕಿ ಅನ್ನೋದು ಹೆಸರಿಗೆ. ಬೆಳಕು ಬರೋದು ಮುಂದಿನ ಬಾಗಿಲಿಂದ, ಮತ್ತೆ ಮಾಳಿಗೆಯಲ್ಲಿ ಬಿಟ್ಟ ಒಂದು ಬೆಳಕಿಂಡಿಯಿಂದ. ಏಪ್ರಿಲ್ ಬಿಸಿಲಿಗೆ ಹೊರಗೆ ನಲವತ್ತು ಡಿಗ್ರಿ ದಾಟಿದಾಗಲೂ ಒಳಗೆ ತಂಪಾಗಿರೋದಕ್ಕೆ ಕಾರಣ ಈ ಕತ್ತಲೇ. ಪಡಸಾಲೆ ಹತ್ತಡಿಗೆ ಹತ್ತಡಿ ಚಿಲ್ಲರೆ. ಅಡುಗೆಮನೆ ಏಳಕ್ಕೆ ಎಂಟು. ಉಗಾದಿ ಕಳೆದ ಮೇಲೆ ಮಾವ ಇದನ್ನ ಕೆಡವಿ ಆರ್‌ಸಿಸಿ ಹಾಕಿಸ್ತಾರೆ. ಅಷ್ಟರೊಳಗೆ ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಬೀಸೋ ಪದ ಹೇಳೋದನ್ನ ಆ ಮನೆಯಲ್ಲೇ, ಆ ಬೆಳಕಲ್ಲೇ ಹಿಡಿಯಬೇಕು. ಇನ್ನೊಂದು ಸಲ ಹೋಗಿ ತೆಗೆಯೋಣ ಅನ್ನೋಕೆ ಮನೆ ಇರಲ್ಲ. ನನ್ನ ಬಜೆಟ್ಟು 35 ಸಾವಿರ, ಕ್ಯಾಮೆರಾ ಸೋನಿ ಝಡ್‌ವಿ-ಇ10, ಅದರ ಜೊತೆ ಬಂದ 16-50 ಕಿಟ್ ಲೆನ್ಸ್ ಇದೆ.

ಲೆಕ್ಕ ಹೈಸ್ಕೂಲಿನದು, ಹೆದರಬೇಡಿ. ಸೆನ್ಸರಿನ ಅಗಲವನ್ನ ಲೆನ್ಸಿನ ಎಂಎಂನಿಂದ ಭಾಗಿಸಿ, ಕ್ಯಾಮೆರಾದಿಂದ ಗೋಡೆಗಿರೋ ದೂರದಿಂದ ಗುಣಿಸಿ. ಎಷ್ಟಡಿ ಅಗಲ ಫ್ರೇಮಿನೊಳಗೆ ಬರುತ್ತೆ ಅನ್ನೋದು ಸಿಗುತ್ತೆ. ಸೋನಿ, ಫ್ಯೂಜಿ, ನಿಕಾನ್‌ನ ಎಪಿಎಸ್-ಸಿ ಸೆನ್ಸರ್ ಅಗಲ ಸುಮಾರು 23.5 ಎಂಎಂ, ಕ್ಯಾನನ್‌ದು 22.3. ಹತ್ತಡಿ ರೂಮಲ್ಲಿ ಟ್ರೈಪಾಡ್ ಕಾಲು, ಕ್ಯಾಮೆರಾ, ಹಿಂದೆ ನಿಮ್ಮ ತಲೆ ಎಲ್ಲಾ ಸೇರಿ ಎರಡಡಿ ನುಂಗುತ್ತೆ. ಉಳಿದದ್ದು ಎಂಟಡಿ. ಎಂಟಡಿಯಿಂದ 35 ಎಂಎಂ ಐದೂವರೆ ಅಡಿ ತೋರಿಸುತ್ತೆ, 24 ಎಂಎಂ ಎಂಟಡಿಗೆ ಸ್ವಲ್ಪ ಕಮ್ಮಿ, 16 ಎಂಎಂ ಹನ್ನೊಂದು ಮುಕ್ಕಾಲು ಅಡಿ, 12 ಎಂಎಂ ಹದಿನೈದೂವರೆಯ ಮೇಲೆ, 10 ಎಂಎಂ ಹದಿನೆಂಟು ದಾಟುತ್ತೆ.

ಈಗ ನೋಡಿ, ಎದುರಿನ ಗೋಡೆ ಇರೋದೇ ಹತ್ತಡಿ. 16ರಲ್ಲೇ ಗೋಡೆಯ ಈ ಮೂಲೆಯಿಂದ ಆ ಮೂಲೆ ಬಂದಾಯ್ತು. ಹತ್ತರ ಲೆನ್ಸ್ ತಂದು ಇನ್ನೇನು ತೋರಿಸಬೇಕು? ಪಕ್ಕದ ಗೋಡೆ, ಅದರ ಮೇಲಿನ ಸ್ವಿಚ್ ಬೋರ್ಡು, ಬಾಗಿಲ ಹಿಂದೆ ನೇತಾಕಿದ ಚೀಲ, ನಿಮ್ಮದೇ ಟ್ರೈಪಾಡ್ ಕಾಲು.

ಒಂದು ಎಚ್ಚರಿಕೆ. ಲೆನ್ಸ್ ಮೇಲೆ ಬರೆದಿರೋ ಅಗಲ ನಿಮ್ಮ ವಿಡಿಯೊದಲ್ಲಿ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಝಡ್‌ವಿ-ಇ10, ಎ6400 ಎರಡೂ 4ಕೆಯಲ್ಲಿ ಸೆಕೆಂಡಿಗೆ 30 ಫ್ರೇಮ್‌ಗೆ ಹಾಕಿದರೆ ಸೆನ್ಸರಿನ ಅಂಚು ಕತ್ತರಿಸಿ ಹಾಕ್ತವೆ. 16ರ ಲೆನ್ಸು 20ರ ಹತ್ತಿರ ಹೋಗುತ್ತೆ. 25 ಫ್ರೇಮ್‌ಗೆ ಇಳಿಸಿ, ಪೂರ್ತಿ ಅಗಲ ವಾಪಸ್ ಬರುತ್ತೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ 25 ಫ್ರೇಮು, 1/50 ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿಣುಕೋ ಕಾಟಾನೂ ತಪ್ಪುತ್ತೆ. ಆಕ್ಟಿವ್ ಸ್ಟೆಬಿಲೈಸೇಷನ್ ಆನ್ ಮಾಡಿದರೆ ಇನ್ನೊಂದಿಷ್ಟು ಕತ್ತರಿ. ಕ್ಯಾನನ್ ಎಂ50 ಅಂತೂ 4ಕೆಯಲ್ಲಿ ಕತ್ತರಿಸೋ ರೀತಿಗೆ ವೈಡ್ ಲೆನ್ಸ್ ಅನ್ನೋ ಮಾತೇ ಸುಳ್ಳಾಗುತ್ತೆ. ಎಷ್ಟೋ ಜನ ಲೆನ್ಸ್ ಸಾಲದು ಅಂತ ಹೊಸದು ಕೊಳ್ಳೋದು ಈ ಸೆಟ್ಟಿಂಗ್ ನೋಡದೇ.

ಇಷ್ಟು ಹೇಳಿದ ಮೇಲೆ, ಅತೀ ವೈಡ್ ಬಗ್ಗೆ ನನ್ನ ನಿಜವಾದ ತಕರಾರು ದುಡ್ಡಿನದಲ್ಲ, ಮುಖದ್ದು. ಪರೀಕ್ಷೆಗೆ ಅಂತ ಮೊಬೈಲಿನ 0.5 ಕಣ್ಣಲ್ಲಿ ಪಡಸಾಲೆ ತೆಗೆದು ಅಜ್ಜಿಗೆ ತೋರಿಸಿದೆ. ‘ಇದು ಯಾರ ಮನಿಯೋ? ನಮ್ಮನಿ ಇಷ್ಟು ದೊಡ್ಡದು ಯಾವಾಗಾತು?’ ಅಂದಳು. ಆಮೇಲೆ ಚಿತ್ರದ ಅಂಚಲ್ಲಿ ಕೂತಿದ್ದ ತನ್ನನ್ನೇ ನೋಡಿಕೊಂಡು, ‘ನನ್ನ ತಲಿ ಯಾಕ ಸೋರೆಕಾಯಿ ಆಗೇತಿ?’ ಎರಡು ವಾಕ್ಯದಲ್ಲಿ ಮುಗಿದ ಈ ವಿಮರ್ಶೆಗೆ ನಾನು ಸೇರಿಸೋದು ಬರೀ ಗಣಿತ. ಗೆರೆಗಳನ್ನ ನೇರವಾಗಿ ಇಡೋ ಯಾವ ವೈಡ್ ಲೆನ್ಸೂ ಅಂಚಿನ ವಸ್ತುವನ್ನ ಹೊರಕ್ಕೆ ಜಗ್ಗುತ್ತೆ. ದುಂಡನೆ ಚೆಂಡೊಂದನ್ನ ಫ್ರೇಮಿನ ಎಡ ತುದಿಗೆ ಇಟ್ಟರೆ 16ರಲ್ಲಿ ಅದು ಕಾಲು ಭಾಗದಷ್ಟು ಉದ್ದವಾಗುತ್ತೆ, 12ರಲ್ಲಿ ಶೇಕಡಾ 40ರಷ್ಟು, 10ರಲ್ಲಿ ಒಂದೂವರೆ ಪಟ್ಟು. ಗಾಜು ಎಷ್ಟೇ ದುಬಾರಿ ಇರಲಿ, ಇದು ತಪ್ಪಲ್ಲ. ಗುಂಡನೆ ಲೋಕವನ್ನ ಚಪ್ಪಟೆ ಹಾಳೆ ಮೇಲೆ ಹಾಸಿದಾಗ ಕಟ್ಟಬೇಕಾದ ಸುಂಕ ಅದು. ಮನುಷ್ಯರನ್ನ ನಡುವೆ ಕೂರಿಸಿದರೆ ತಪ್ಪಿಸಬಹುದು, ಆದ್ರೆ ಮನೆಯಲ್ಲಿ ಜನ ನಡುವೇನೇ ಕೂರಲ್ಲವಲ್ಲ. ಗೋಡೆಗೆ ಒರಗ್ತಾರೆ, ಹೊಸ್ತಿಲ ಮೇಲೆ ಕೂರ್ತಾರೆ, ಕಂಬಕ್ಕೆ ಬೆನ್ನು ಕೊಡ್ತಾರೆ.

ಮನೆ ದೊಡ್ಡದಾಗಿ ಕಾಣೋದು ಫ್ಲಾಟ್ ಮಾರೋರಿಗೆ ಬೇಕು. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರೆಲ್ಲ ಫೋಟೊದಲ್ಲಿ ಹಾಲ್ ನೋಡಿ, ಹೋಗಿ ನಿಂತಾಗ ಎರಡು ಹೆಜ್ಜೆಗೆ ಗೋಡೆ ಮುಟ್ಟಿದ ಅನುಭವ ಇಟ್ಟುಕೊಂಡವರೇ. ಅದೇ ಲೆನ್ಸಲ್ಲಿ ಹಳ್ಳಿ ಮನೆ ತೆಗೆದರೆ, ಒಂಬತ್ತು ಜನ ಮಲಗಿ ಎದ್ದ ಪಡಸಾಲೆ ಕಲ್ಯಾಣ ಮಂಟಪ ಆಗುತ್ತೆ. ಇಕ್ಕಟ್ಟು ಅನ್ನೋದೂ ಆ ಮನೆಯ ಚರಿತ್ರೆಯೇ. ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಬೇಕು, ಬೀಸುಕಲ್ಲು ತಿರುಗುವಾಗ ಮೊಣಕೈ ಗೋಡೆಗೆ ತಾಗಬೇಕು. ಅದು ಕಾಣಿಸದಿದ್ದರೆ ನಾನು ತೆಗೆದದ್ದು ಯಾವ ಮನೆ?

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ನೋಡಿದ್ರಾ? ಪಕ್ಕದ ಕೊಪ್ಪಳ ಜಿಲ್ಲೆಯ ಊರಲ್ಲಿ, ಆ ಕಡೆಯ ಜನರನ್ನೇ ಇಟ್ಟುಕೊಂಡು ಮಾಡಿದ ಸಿನಿಮಾ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೀತು. ಅದರಲ್ಲಿ ನನಗೆ ಉಳಿದದ್ದು ಮನೆಗಳ ಅಳತೆ. ಶಿವಮ್ಮನ ಮೇಲೆ ಸಾಲ ಬೀಳ್ತಾ ಹೋದ ಹಾಗೆ ಗೋಡೆಗಳೂ ಹತ್ತಿರ ಬಂದಂತೆ ಅನ್ನಿಸುತ್ತೆ. ಯಾವ ಲೆನ್ಸ್ ಅನ್ನೋದಕ್ಕಿಂತ ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನೋದು ಅಲ್ಲಿ ಮುಖ್ಯ.

ಇನ್ನೊಂದು ತುದಿಯಲ್ಲಿ ಜಪಾನಿನ ಓಜು ಇದ್ದಾರೆ. ಚಾಪೆ ಹಾಸಿದ ಪುಟ್ಟ ಪುಟ್ಟ ಕೋಣೆಗಳ ಕಥೆ, ಆದ್ರೆ ಹೆಚ್ಚೂಕಮ್ಮಿ ಎಲ್ಲಾ 50 ಎಂಎಂ ಲೆನ್ಸಲ್ಲೇ, ಕ್ಯಾಮೆರಾ ನೆಲದ ಹತ್ತಿರ. 1953ರ ‘ಟೋಕಿಯೊ ಸ್ಟೋರಿ’ ನೋಡಿ ‘50ರಲ್ಲೇ ಆಗುತ್ತೆ ಗುರೂ’ ಅಂತ ಹೊರಡೋರಿಗೆ ಒಂದು ಮಾತು: ಅದು ಸ್ಟುಡಿಯೊ ಸೆಟ್ಟು, ಹಿಂದೆ ಸರಿಯಬೇಕಾದರೆ ಗೋಡೆ ತೆಗೀಬಹುದು. ನಮ್ಮ ಮಾವ ಗೋಡೆ ತೆಗೆಯೋದು ಉಗಾದಿ ಆದ ಮೇಲೆ. ಓಜುವಿನಿಂದ ನಾವು ತಗೋಬಹುದಾದ್ದು ಎತ್ತರ ಮಾತ್ರ. ಅಜ್ಜಿ ನೆಲದ ಮೇಲೆ ಕೂತಿದ್ದಾಗ ಕ್ಯಾಮೆರಾ ಎರಡೂವರೆ ಅಡಿ ಎತ್ತರದಲ್ಲಿರಲಿ. ನಿಂತವನ ಕಣ್ಣೆತ್ತರದಿಂದ ವೈಡ್ ಲೆನ್ಸ್ ಬಗ್ಗಿಸಿದರೆ ಕಂಬಗಳೆಲ್ಲ ವಾಲಿ, ಕೂತವರು ಕುಳ್ಳಾಗ್ತಾರೆ. ಇನ್ನೊಂದು ಹೆಸರು ಗ್ರೆಗ್ ಟೋಲಂಡ್. 1941ರ ‘ಸಿಟಿಜನ್ ಕೇನ್’ನಲ್ಲಿ ವೈಡ್ ಲೆನ್ಸ್ ಹಾಕಿ ಕೆಳಗಿಂದ ತೆಗೆದು, ಬಟ್ಟೆಯ ಸೂರು ಕಟ್ಟಿ ಚಾವಣಿ ತೋರಿಸಿದ್ದರು. ನಮಗೆ ತೊಲೆ-ಜಂತಿ ಪುಕ್ಕಟೆ ಇದೆ. ಅದನ್ನ ತೋರಿಸೋ ಒಂದೆರಡು ಷಾಟಿಗೆ ವೈಡ್ ಬೇಕೇ ಬೇಕು, ಅದನ್ನ ಒಪ್ಕೋತೀನಿ.

ಇನ್ನು ಬೆಳಕು. ಅಗಲಕ್ಕಿಂತ ಅಪರ್ಚರ್ ಮುಖ್ಯ ಅಂತ ನಾನು ಹಟ ಹಿಡಿಯೋದು ಇದಕ್ಕೆ. ಒಂದೇ ರೂಮು, ಒಂದೇ 1/50 ಶಟರ್. ಎಫ್ 1.4ರಲ್ಲಿ ಐಎಸ್‌ಒ 1000 ಸಾಕಾಗೋ ಕಡೆ ಕಿಟ್ ಲೆನ್ಸಿನ ಎಫ್ 3.5ಕ್ಕೆ 6250 ಬೇಕು, ಎಫ್ 4.5ಕ್ಕೆ ಹತ್ತು ಸಾವಿರ. ಹತ್ತು ಸಾವಿರದಲ್ಲಿ ಮಣ್ಣಿನ ಗೋಡೆ ಮೇಲೆ ಇರುವೆ ಮುತ್ತಿದ ಹಾಗೆ ಕಾಣುತ್ತೆ. ಜೊತೆಗೆ, ಅಗಲ ಜಾಸ್ತಿ ಆದಷ್ಟೂ ಬಾಗಿಲು ಫ್ರೇಮಿನೊಳಗೆ ಬಂದುಬಿಡುತ್ತೆ. ಹೊರಗೆ ಬಳ್ಳಾರಿ ಬಿಸಿಲು, ಒಳಗೆ ಕತ್ತಲು. ಬಾಗಿಲು ಬೆಳ್ಳಗೆ ಸುಟ್ಟುಹೋಗುತ್ತೆ, ಇಲ್ಲಾ ಅಜ್ಜಿ ಮಸಿ ಆಗ್ತಾಳೆ. ಲೈಟು ಇಡೋಣ ಅಂದರೆ ಅದನ್ನ ಬಚ್ಚಿಡೋಕೆ ಜಾಗ ಉಳಿಯಲ್ಲ, ಲೆನ್ಸು ಎಲ್ಲಾ ಮೂಲೆ ನೋಡ್ತಾ ಇರುತ್ತೆ.

ಸುಬ್ರತ ಮಿತ್ರ 1956ರ ‘ಅಪರಾಜಿತೊ’ಗೆ ಕಾಶಿಯ ಮನೆಯನ್ನ ಸ್ಟುಡಿಯೊದಲ್ಲಿ ಕಟ್ಟಿದಾಗ, ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿಂದ ಅದಕ್ಕೆ ಬೆಳಕು ಬಡಿದು, ಅದು ತಿರುಗಿ ಇಳಿಯೋ ಹಾಗೆ ಮಾಡಿದರು. ನಮ್ಮಲ್ಲಿ ಬೆಳಕಿಂಡಿ ಕೆಳಗೆ, ಫ್ರೇಮಿಗೆ ಸಿಗದ ಕಡೆ, ತಾತನ ಒಂದು ಬಿಳಿ ಧೋತ್ರ ಹಾಸಿದರೆ ಬಿಸಿಲು ಅದರ ಮೇಲೆ ಬಿದ್ದು ಮುಖಕ್ಕೆ ಎದ್ದು ಬರುತ್ತೆ. ಹನ್ನೊಂದರಿಂದ ಒಂದು ಗಂಟೆಯೊಳಗೆ ಚೆನ್ನಾಗಿ ಬೀಳುತ್ತೆ. ಖರ್ಚು ಸೊನ್ನೆ. ಆದ್ರೆ ಫ್ರೇಮಿಗೆ ಸಿಗದ ಕಡೆ ಅನ್ನೋ ಜಾಗ 10ರ ಲೆನ್ಸಿಗೆ ಇರೋದೇ ಇಲ್ಲ.

ಇಷ್ಟು ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗೋಣ. ಕ್ಯಾನನ್‌ನ ಇಎಫ್-ಎಸ್ 10-18 2014ರಲ್ಲಿ ಬಂದಾಗ ಅಮೆರಿಕದಲ್ಲಿ 299 ಡಾಲರ್ ಇತ್ತು. ವೈಡ್ ಅನ್ನೋದನ್ನ ಬಡವರ ಮನೆಗೆ ತಂದ ಲೆನ್ಸ್ ಅದು. ಹಗುರ, ಸ್ಟೆಬಿಲೈಸರ್ ಇದೆ. ಎಫ್ 4.5ರಿಂದ ಶುರು ಆಗೋದ್ರಿಂದ ದೊಡ್ಡ ಕಿಟಕಿಯ ಫ್ಲಾಟಿಗೆ ಸೈ, ಮಾಳಿಗೆ ಮನೆಗೆ ಅಲ್ಲ. ಟೋಕಿನಾ 11-16 ಎಫ್ 2.8 ಒಂದು ಕಾಲದಲ್ಲಿ ಡಿಎಸ್‌ಎಲ್‌ಆರ್ ಹಿಡಿದ ಪ್ರತಿ ಕಿರುಚಿತ್ರದವನ ಬ್ಯಾಗಲ್ಲೂ ಇರ್ತಿತ್ತು. ಗಟ್ಟಿ, ಅರ್ಧ ಕೆಜಿ ಮೇಲೆ ತೂಕ, ಹಳೇದು ಸಿಗುತ್ತೆ. ನಿಕಾನ್, ಕ್ಯಾನನ್ ಹಳೇ ಬಾಡಿ ಇದ್ದವರಿಗೆ ಇವತ್ತಿಗೂ ಒಳ್ಳೇ ಸೌದೆ. ಸೋನಿ 11 ಎಂಎಂ ಎಫ್ 1.8 ಮತ್ತು ಸಿಗ್ಮಾ 10-18 ಎಫ್ 2.8 ಎರಡೂ ಚೆಂದ, ಎರಡೂ ನನ್ನ ಬಜೆಟ್ಟಿನ ಆಚೆ. ದುಡ್ಡಿದ್ದರೆ ಸಿಗ್ಮಾ ತಗೊಳ್ಳಿ, ಝೂಮ್ ಇರೋದ್ರಿಂದ ಅದನ್ನ 18ಕ್ಕೆ ತಿರುಗಿಸಿ ಮರ್ಯಾದೆಯಿಂದ ಇರಬಹುದು.

ಉಳಿದದ್ದು ಎರಡು. ಸಾಮ್ಯಾಂಗ್ 12 ಎಂಎಂ ಎಫ್ 2, ಕೈಯಲ್ಲಿ ಫೋಕಸ್ ಮಾಡೋದು. ಆಟೊಫೋಕಸ್ ಇಲ್ಲ ಅಂತ ಮೂಗು ಮುರಿಯೋರಿಗೆ: ಎಫ್ 2ರಲ್ಲೇ ಹನ್ನೆರಡು ಅಡಿಗೆ ಫೋಕಸ್ ಇಟ್ಟುಬಿಟ್ಟರೆ ಆರಡಿಯಿಂದ ಆಚೆಗಿನದೆಲ್ಲ ಸ್ಪಷ್ಟ. ಎಫ್ 2.8ಕ್ಕೆ ಇಳಿಸಿ ಎಂಟೂವರೆ ಅಡಿಗೆ ಇಟ್ಟರೆ ನಾಲ್ಕೂಕಾಲು ಅಡಿಯಿಂದ. ರಿಂಗಿನ ಮೇಲೆ ಒಂದು ಟೇಪ್ ಅಂಟಿಸಿ ಮರೆತುಬಿಡಬಹುದು. ಗೆರೆಗಳೂ ಹೆಚ್ಚು ಬಾಗಲ್ಲ. ಇನ್ನೊಂದು ಸಿಗ್ಮಾ 16 ಎಂಎಂ ಎಫ್ 1.4, 2017ರದ್ದು, 405 ಗ್ರಾಂ, ಆ ಪುಟ್ಟ ಬಾಡಿಗೆ ಮೂತಿ ಭಾರ. ಆದ್ರೆ ಕಿಟ್ ಲೆನ್ಸಿಗಿಂತ ಆರು ಪಟ್ಟು ಬೆಳಕು, ಸದ್ದಿಲ್ಲದ ಫೋಕಸ್. ಎಫ್ 1.4ರಲ್ಲೂ ಎಂಟಡಿ ದೂರಕ್ಕೆ ಫೋಕಸ್ ಇಟ್ಟರೆ ಆರಡಿಯಿಂದ ಹತ್ತೂವರೆ ಅಡಿವರೆಗೆ ಸರಿಯಾಗಿರುತ್ತೆ. ಅಜ್ಜಿ ಹಾಡ್ತಾ ಹಿಂದೆ ಮುಂದೆ ತೂಗಿದರೂ ತಪ್ಪಲ್ಲ. ‘16 ಆಲ್ರೆಡಿ ನಿಮ್ಮ ಕಿಟ್‌ನಲ್ಲಿ ಇದೆಯಲ್ಲ ಸರ್, ಮತ್ಯಾಕೆ ದುಡ್ಡು’ ಅಂತ ಬೆಂಗಳೂರಿನ ಅಂಗಡಿ ಹುಡುಗ ಕೇಳಿದ. ಅಗಲ ಇದೆ ಕಣಪ್ಪ, ಬೆಳಕಿಲ್ಲ.

ಅಡುಗೆಮನೆ ಒಂದು ಕಷ್ಟ. ಅಲ್ಲಿ ಸಿಗೋ ದೂರ ಐದಡಿ. 16ರಲ್ಲಿ ಏಳೂಕಾಲು ಅಡಿ ಅಗಲ, ನಾಲ್ಕಡಿ ಎತ್ತರ ಬರುತ್ತೆ. ನೆಲದಲ್ಲಿ ಕೂತ ಅಜ್ಜಿ, ಬೀಸುಕಲ್ಲು, ಪಕ್ಕದ ಒಲೆ ಹಿಡಿಯೋಕೆ ಅಷ್ಟು ಧಾರಾಳ. ಒಲೆ ಹೊಗೆಗೆ ಕಪ್ಪಾದ ಜಂತಿ ಬೇಕು ಅಂದರೆ ಮಾತ್ರ 12 ಬೇಕು. ಅದು ದಿನದ ಬಾಡಿಗೆಗೆ ಸಿಗೋ ವಸ್ತು, ಎರಡು ಷಾಟಿಗೋಸ್ಕರ ಕೊಳ್ಳೋದ್ಯಾಕೆ? ಬಾಗಿಲಾಚೆ ನಿಂತು ಚೌಕಟ್ಟಿನೊಳಗಿಂದ ತೆಗೆದರೆ ಬಾಡಿಗೆಯೂ ಉಳಿಯಬಹುದು, ಚೌಕಟ್ಟೂ ಚಿತ್ರಕ್ಕೆ ಬರುತ್ತೆ.

ಹಾಗಾಗಿ ಸೆಕೆಂಡ್ ಹ್ಯಾಂಡ್ ಸಿಗ್ಮಾ 16 ತಗೊಂಡೆ. ಉಳಿದ ದುಡ್ಡಿಗೆ ಒಂದು ಕಾಲರ್ ಮೈಕು ಬಂತು. ಎಂಟಡಿ ದೂರದ ಕ್ಯಾಮೆರಾ ಮೈಕಲ್ಲಿ ಬೀಸುಕಲ್ಲಿನ ಗರಗರ ಬಿಟ್ಟು ಬೇರೇನೂ ಕೇಳಲ್ಲ. ಪದ ಕೇಳದ ಬೀಸೋ ಪದ ಯಾರಿಗೆ ಬೇಕು? ಮೈಕನ್ನ ಸೆರಗಿಗೆ ಸಿಕ್ಕಿಸೋಕೆ ಅಜ್ಜಿ ಒಪ್ಪಿದ್ದಾಳೆ. ಫ್ಯಾನ್ ಆಫ್ ಮಾಡೋಕೆ ಮಾತ್ರ ಇನ್ನೂ ಒಪ್ಪಿಲ್ಲ.