ಪರದೇಶದಲ್ಲಿ ಸೇರುವ ಊರ ಪಂಚಾಯ್ತಿ: ನೈಜೀರಿಯಾದ ಮೂರು ಕಾದಂಬರಿಗಳು

ಚಿಮಮಾಂಡ ಎನ್‌ಗೋಜಿ ಅಡಿಚಿಯ ‘ಅಮೆರಿಕಾನಾ’ (2013) ಕಾದಂಬರಿಯ ಚರ್ಚೆ ಸಾಮಾನ್ಯವಾಗಿ ಜನಾಂಗಭೇದ, ಕಪ್ಪು ಹೆಣ್ಣಿನ ಕೂದಲು ಮತ್ತು ಇಫೆಮೆಲು–ಒಬಿನ್ಜೆಯರ ಪ್ರೇಮದ ಸುತ್ತ ನಡೆಯುತ್ತದೆ. ಅವು ಕಾದಂಬರಿಯ ಮುಖ್ಯ ಎಳೆಗಳೇ, ಅನುಮಾನವಿಲ್ಲ. ಆದರೆ ಅದರ ಪೂರ್ವಾರ್ಧದಲ್ಲಿ ಬಂದುಹೋಗುವ ಒಂದು ಪುಟ್ಟ ಪ್ರಸಂಗದ ಮೇಲೆ ಓದುಗರ ಕಣ್ಣು ನಿಲ್ಲುವುದು ಕಡಿಮೆ. ಇಫೆಮೆಲುವಿನ ಆಂಟಿ ಉಜು ಅಮೆರಿಕದಲ್ಲಿ ಬಾರ್ತಲೋಮ್ಯೂ ಎಂಬ ಅಕೌಂಟೆಂಟ್‌ನನ್ನು ಮದುವೆಯಾಗಲು ಹೊರಟಿದ್ದಾಳೆ. ವರ್ಷಗಟ್ಟಲೆ ನೈಜೀರಿಯಾಕ್ಕೆ ಕಾಲಿಡದ ಈ ಮನುಷ್ಯ ಅಂತರ್ಜಾಲದ ನೈಜೀರಿಯನ್ ಕಟ್ಟೆಗಳಲ್ಲಿ ‘ಇಗ್ಬೊ ಮ್ಯಾಸಚುಸೆಟ್ಸ್ ಅಕೌಂಟೆಂಟ್’ ಎಂಬ ಹೆಸರಿಟ್ಟುಕೊಂಡು ಉದ್ದುದ್ದ ಬರೆಯುತ್ತಾನೆ. ಅಮೆರಿಕಕ್ಕೆ ಬಂದ ನೈಜೀರಿಯಾದ ಹೆಂಗಸರು ಕೈಮೀರಿ ಹೋಗುತ್ತಾರೆ, ಇಲ್ಲಿ ವಿಚ್ಛೇದನಗಳು ಹೆಚ್ಚಾಗಿರುವುದೇ ಅದಕ್ಕೆ ಸಾಕ್ಷಿ ಎಂಬುದು ಅವನ ವಾದ. ‘ಡೆಲ್ಟಾ ಮರ್ಮೇಡ್’ ಎಂಬ ಹೆಸರಿನಿಂದ ಒಬ್ಬಳು ಉತ್ತರಿಸುತ್ತಾಳೆ: ಇಲ್ಲಿ ಹೆಂಗಸಿನ ಬೆನ್ನಿಗೆ ಕಾನೂನು ಇದೆ, ಅದೇ ಕಾನೂನು ನೈಜೀರಿಯಾದಲ್ಲಿದ್ದರೆ ಅಲ್ಲಿಯೂ ಇಷ್ಟೇ ವಿಚ್ಛೇದನಗಳಾಗುತ್ತಿದ್ದವು. ಈ ಮಾತಿಗೆ ಅವನ ಬಳಿ ಪ್ರತಿವಾದವಿಲ್ಲ. ನಿನ್ನ ತಲೆ ಕೆಡಿಸಿದ್ದು ಪಶ್ಚಿಮ, ನೈಜೀರಿಯನ್ ಎಂದು ಹೇಳಿಕೊಳ್ಳಲು ನಿನಗೆ ನಾಚಿಕೆಯಾಗಬೇಕು ಎನ್ನುತ್ತಾನೆ.

ಮಾತು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದನ್ನು ಗಮನಿಸಬೇಕು. ಗಂಡ-ಹೆಂಡತಿಯ ವಿಷಯ ಕಾನೂನಿನ ವಿಷಯವಾಯಿತು. ಕಾನೂನಿನ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಅದು ರಾಷ್ಟ್ರದ ವಿಷಯವಾಯಿತು. ಸಂಸಾರ, ರಾಜಕೀಯ, ರಾಷ್ಟ್ರೀಯ ಅಸ್ಮಿತೆ ಎಂದು ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಚರ್ಚಿಸುವ ಸಂಗತಿಗಳು ವಲಸಿಗರ ಜಗಳದಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಇದು ಅಡಿಚಿ ಕಂಡುಹಿಡಿದ ಹೊಸ ಸಂಗತಿಯಲ್ಲ. ನೈಜೀರಿಯಾದ ಇಂಗ್ಲಿಷ್ ಕಾದಂಬರಿ ಅರವತ್ತು ವರ್ಷಗಳಿಂದ ಈ ಪಂಚಾಯ್ತಿಯನ್ನು ಕೇಳಿಸಿಕೊಳ್ಳುತ್ತಲೇ ಬಂದಿದೆ. ಆ ಪಂಚಾಯ್ತಿಯಲ್ಲಿ ಯಾರು ಮಾತಾಡುತ್ತಾರೆ, ಅದರ ದಂಡ ಯಾರು ತೆರುತ್ತಾರೆ ಎಂಬುದನ್ನು ಮೂರು ಕಾದಂಬರಿಗಳ ಮೂಲಕ ನೋಡುವುದು ಈ ಬರಹದ ಉದ್ದೇಶ.

ಮೊದಲು ಸ್ವಲ್ಪ ಚರಿತ್ರೆ. ನೈಜೀರಿಯಾ ಬ್ರಿಟಿಷರು 1914ರಲ್ಲಿ ಉತ್ತರ-ದಕ್ಷಿಣಗಳನ್ನು ಕೂಡಿಸಿ ಮಾಡಿದ ಆಡಳಿತ ಘಟಕ. ಹೌಸಾ, ಯೊರುಬಾ, ಇಗ್ಬೊ ಮತ್ತು ನೂರಾರು ಸಣ್ಣ ಸಮುದಾಯಗಳ ಜನರಿಗೆ ಆ ಹೆಸರು ತಮ್ಮದೆನ್ನಿಸಲು ಬಹಳ ಕಾಲ ಹಿಡಿಯಿತು. ಹಾಗೆ ಅನ್ನಿಸತೊಡಗಿದ ಜಾಗಗಳಲ್ಲಿ ಲಂಡನ್ ಒಂದು. 1925ರಲ್ಲಿ ಲಾಡಿಪೊ ಸೊಲಾಂಕೆ ಎಂಬ ಕಾನೂನು ವಿದ್ಯಾರ್ಥಿ ಜೊತೆಗಾರರೊಂದಿಗೆ ಅಲ್ಲಿ ಪಶ್ಚಿಮ ಆಫ್ರಿಕಾ ವಿದ್ಯಾರ್ಥಿಗಳ ಒಕ್ಕೂಟವನ್ನು ಕಟ್ಟಿದರು. ಕರಿಯರಿಗೆ ಬಾಡಿಗೆಗೆ ಕೋಣೆ ಸಿಗದ ಆ ನಗರದಲ್ಲಿ ಒಕ್ಕೂಟ ನಡೆಸಿದ ಹಾಸ್ಟೆಲ್, ವಸಾಹತುಶಾಹಿಯ ವಿರುದ್ಧ ಚರ್ಚೆ ನಡೆಸುವ ಚಾವಡಿಯೂ ಆಯಿತು. ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಯೊರುಬಾ ಜನರ ಪ್ರಬಲ ಸಂಘಟನೆಯಾದ ‘ಎಗ್ಬೆ ಒಮೊ ಒಡುದುವಾ’ 1945ರಲ್ಲಿ ಶುರುವಾದದ್ದೂ ಲಂಡನ್ನಿನಲ್ಲೇ, ಅಲ್ಲಿ ಕಾನೂನು ಓದುತ್ತಿದ್ದ ಒಬಾಫೆಮಿ ಅವೊಲೊವೊ ಮುಂದಾಳ್ತನದಲ್ಲಿ. ನೈಜೀರಿಯಾ ಒಂದು ರಾಷ್ಟ್ರವಲ್ಲ, ಬರಿಯ ಭೌಗೋಳಿಕ ಹೆಸರು ಎಂದು ವಾದಿಸಿದ ಅವರ ಪುಸ್ತಕ 1947ರಲ್ಲಿ ಬಂತು. ಅಂದರೆ ದೇಶ ಒಂದಾಗಬೇಕು ಎನ್ನುವ ಮಾತಿಗೂ ನಮ್ಮ ಕುಲ ಬೇರೆ ಎನ್ನುವ ಮಾತಿಗೂ ಪರದೇಶದ ಅದೇ ಚಳಿ, ಅದೇ ಇಕ್ಕಟ್ಟಾದ ಕೋಣೆಗಳು ನೆಲೆ ಕೊಟ್ಟಿವೆ.

ಈ ಇಬ್ಬಂದಿಯನ್ನು ಕಾದಂಬರಿಯಲ್ಲಿ ನಿಖರವಾಗಿ ಹಿಡಿದವರು ಚಿನುವಾ ಅಚಿಬೆ. ‘ಥಿಂಗ್ಸ್ ಫಾಲ್ ಅಪಾರ್ಟ್’ ಕನ್ನಡಕ್ಕೂ ಬಂದಿರುವುದರಿಂದ ನಮಗೆ ಅಚಿಬೆ ಎಂದರೆ ಉಮೊಫಿಯಾ ಎಂಬ ಹಳ್ಳಿ, ಒಕೊಂಕ್ವೊನ ದುರಂತ. ಆ ಒಕೊಂಕ್ವೊನ ಮೊಮ್ಮಗ ಓಬಿಯ ಕಥೆ ‘ನೋ ಲಾಂಗರ್ ಅಟ್ ಈಸ್’ (1960) ಅಷ್ಟು ಪರಿಚಿತವಲ್ಲ. ಲಾಗೋಸ್‌ನಲ್ಲಿ ನೆಲೆಸಿದ ಉಮೊಫಿಯಾದವರ ಸಂಘ ಎಂಟುನೂರು ಪೌಂಡ್ ಸಾಲ ಕೊಟ್ಟು ಓಬಿಯನ್ನು ಇಂಗ್ಲೆಂಡಿಗೆ ಓದಲು ಕಳಿಸುತ್ತದೆ. ನೈಜೀರಿಯಾ ಎಂಬುದು ಅವನಿಗೆ ಹೆಸರಷ್ಟೇ ಆಗಿ ಉಳಿಯದೆ ನಿಜವಾದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಅವನು ತಾಯ್ನಾಡಿನ ಮೇಲೆ ಕವಿತೆ ಬರೆಯುತ್ತಾನೆ, ಇಗ್ಬೊ ಮಾತಾಡುವವರು ಸಿಕ್ಕರೆ ಹಿಗ್ಗುತ್ತಾನೆ. ಆದರೆ ಬೇರೆ ಬುಡಕಟ್ಟಿನ ನೈಜೀರಿಯನ್ ಸಿಕ್ಕಾಗ ಇಂಗ್ಲಿಷಿನಲ್ಲೇ ಮಾತಾಡಬೇಕು. ಆಗ ಓಬಿ ದನಿ ತಗ್ಗಿಸುತ್ತಾನೆ. ಆ ಭಾಷೆಯ ಒಡೆಯರ ಎದುರಿಗೇ ನಮ್ಮ ದೇಶದವನೊಂದಿಗೆ ಅವರ ಭಾಷೆಯಲ್ಲಿ ಮಾತಾಡುವುದು ಅವನಿಗೆ ಅವಮಾನ. ಇವರಿಗೆ ಸ್ವಂತ ಭಾಷೆಯೇ ಇಲ್ಲವೆಂದು ಅವರು ತಿಳಿದುಕೊಂಡಾರು ಎಂಬ ಅಳುಕು. ದೇಶದ ಬಗ್ಗೆ ಪ್ರೀತಿ ಹುಟ್ಟಿದ ಜಾಗದಲ್ಲೇ, ಆ ದೇಶಕ್ಕೆ ಎಲ್ಲರೂ ಕೂಡಿ ಆಡುವ ಸ್ವಂತ ಮಾತಿಲ್ಲ ಎಂಬ ಅರಿವೂ ಹುಟ್ಟುತ್ತದೆ. ರಾಷ್ಟ್ರೀಯತೆಯ ಬಗ್ಗೆ ದೊಡ್ಡ ಗ್ರಂಥಗಳು ಹೇಳುವುದನ್ನು ಅಚಿಬೆ ತಗ್ಗಿಸಿದ ಒಂದು ದನಿಯಲ್ಲಿ ಹೇಳಿದ್ದಾರೆ.

ಅದೇ ಲಂಡನ್ನಿನಲ್ಲಿ, ನೈಜೀರಿಯಾದ ಒಂದು ರಾಜಕೀಯ ಪಕ್ಷದ ಶಾಖೆ ಏರ್ಪಡಿಸಿದ್ದ ನೃತ್ಯಕೂಟದಲ್ಲಿ ಓಬಿ ಕ್ಲಾರಾಳನ್ನು ಮೊದಲು ನೋಡುತ್ತಾನೆ. ಊರಿಗೆ ಮರಳುವ ಹಡಗಿನಲ್ಲಿ ಅವರ ಪ್ರೇಮ ಬೆಳೆಯುತ್ತದೆ. ಲಂಡನ್ನಿನಲ್ಲಾಗಲಿ ಹಡಗಿನಲ್ಲಾಗಲಿ ಅವಳ ಕುಲದ ಮಾತು ಬರುವುದಿಲ್ಲ. ಲಾಗೋಸ್ ಮುಟ್ಟಿದ ಮೇಲೆ ಕ್ಲಾರಾ ತಾನಾಗಿಯೇ ಹೇಳುತ್ತಾಳೆ, ತಾನು ‘ಓಸು’ ಎಂದು. ಹಿಂದೆ ಯಾವುದೋ ಕಾಲದಲ್ಲಿ ದೇವರಿಗೆ ಒಪ್ಪಿಸಿದವರ ಸಂತತಿ ಓಸು. ಅವರೊಂದಿಗೆ ಮದುವೆ ನಿಷಿದ್ಧ. ಓದಿದ ಗೆಳೆಯ, ಕ್ರೈಸ್ತನಾದ ತಂದೆ, ಸಾಲ ಕೊಟ್ಟ ಸಂಘ ಎಲ್ಲರೂ ಈ ಮದುವೆಗೆ ಅಡ್ಡ. ತಾಯಿಯಂತೂ ತಾನು ಬದುಕಿರುವಾಗ ಈ ಮದುವೆ ನಡೆದರೆ ಜೀವ ಕಳೆದುಕೊಳ್ಳುವುದಾಗಿ ಹೇಳುತ್ತಾಳೆ. ಲಂಡನ್ನಿನಲ್ಲಿ ನೈಜೀರಿಯಾದ ಭವಿಷ್ಯದ ಬಗ್ಗೆ ಪ್ರಬಂಧ ಓದಿದ್ದ ಓಬಿ ಇಲ್ಲಿ ಸೋಲುತ್ತಾನೆ, ಕ್ಲಾರಾ ಗರ್ಭಪಾತದ ನೋವುಂಡು ದೂರವಾಗುತ್ತಾಳೆ. ಜಾತಿಯ ಮಾತಿಗೆ ಮದುವೆಗಳು ಮುರಿಯುವುದನ್ನು ಕಂಡಿರುವ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೇಶದಲ್ಲಿ ಗೆದ್ದ ವಾದ ಊರಿನ ಹೊಸ್ತಿಲಲ್ಲಿ ಸೋಲುತ್ತದೆ, ಸೋಲಿನ ಬೆಲೆಯನ್ನು ಹೆಚ್ಚಾಗಿ ತೆರುವವಳು ಹೆಣ್ಣು. ಅಚಿಬೆಗೆ ಈ ಬೆಲೆ ಗೊತ್ತಿದೆ. ಆದರೆ ಕಾದಂಬರಿ ಓಬಿಯ ಜೊತೆ ಉಳಿಯುತ್ತದೆ, ಕ್ಲಾರಾಳ ಹಿಂದೆ ಹೋಗುವುದಿಲ್ಲ.

ಹಾಗೆ ಹಿಂದೆ ಹೋದವರು ಬೂಚಿ ಎಮೆಚೆಟಾ. ‘ಸೆಕೆಂಡ್ ಕ್ಲಾಸ್ ಸಿಟಿಜನ್’ (1974) ಕಾದಂಬರಿಯ ಅಡಾ 1960ರ ದಶಕದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಲಂಡನ್ನಿನಲ್ಲಿ ಓದುತ್ತಿರುವ ಗಂಡ ಫ್ರಾನ್ಸಿಸ್‌ನನ್ನು ಸೇರುತ್ತಾಳೆ. ಗ್ರಂಥಾಲಯದಲ್ಲಿ ದುಡಿದು ಮನೆ ನಡೆಸುವವಳು ಅವಳು, ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ನಪಾಸಾಗುವವನು ಅವನು. ಬಿಳಿಯರ ಮನೆಗಳ ಮೇಲೆ ಕರಿಯರಿಗೆ ಜಾಗವಿಲ್ಲ ಎಂಬ ಬರಹ. ಅದಕ್ಕಿಂತ ತೀಕ್ಷ್ಣವಾಗಿ ಎಮೆಚೆಟಾ ಬರೆಯುವುದು ಒಂದೇ ಮನೆಯಲ್ಲಿ ಬಾಡಿಗೆಗಿರುವ ನೈಜೀರಿಯಾದವರ ಮಾತುಗಳನ್ನು. ಅಡಾ ಮಕ್ಕಳನ್ನು ಬಿಳಿಯ ಸಾಕುತಾಯಿಯ ಬಳಿ ಬಿಡದೆ ತಾನೇ ಇಟ್ಟುಕೊಂಡಿರುವುದು, ಕಾರ್ಖಾನೆಗೆ ಹೋಗದೆ ಗ್ರಂಥಾಲಯದ ಕೆಲಸ ಹಿಡಿದಿರುವುದು ಅವರಿಗೆ ಅಹಂಕಾರವಾಗಿ ಕಾಣುತ್ತದೆ. ಮಕ್ಕಳ ಜೊತೆ ಬದುಕುವುದು ಮೊದಲ ದರ್ಜೆಯ ಪ್ರಜೆಗಳ ಭಾಗ್ಯ, ನಮ್ಮದಲ್ಲ ಎಂದು ಅವರು ನಂಬಿಬಿಟ್ಟಿದ್ದಾರೆ. ಆಳುವವರು ಇಟ್ಟ ದರ್ಜೆಯನ್ನು ಆಳಿಸಿಕೊಂಡವರೇ ಒಬ್ಬರ ಮೇಲೊಬ್ಬರು ಹೇರುವ ಈ ಬಗೆ ಕಾದಂಬರಿಯ ಶೀರ್ಷಿಕೆಯನ್ನು ಇನ್ನಷ್ಟು ಕಹಿಯಾಗಿಸುತ್ತದೆ.

ಅಡಾ ಗಂಡನ ಸಹಿಯನ್ನು ತಾನೇ ಹಾಕಿ ಗರ್ಭನಿರೋಧಕ ಸಾಧನ ತಂದಾಗ ಏನಾಗುತ್ತದೆ ನೋಡಿ. ಫ್ರಾನ್ಸಿಸ್ ಅವಳನ್ನು ಹೊಡೆಯುತ್ತಾನೆ. ಅಷ್ಟಕ್ಕೇ ನಿಲ್ಲದೆ ಮನೆಯ ಇತರ ಬಾಡಿಗೆದಾರರನ್ನು ಕರೆದು, ಲಂಡನ್ನಿಗೆ ಬಂದ ಮೇಲೆ ಇವಳೆಷ್ಟು ಚಾಲಾಕಾಗಿದ್ದಾಳೆ ನೋಡಿ ಎಂದು ದೂರುತ್ತಾನೆ. ಹೆಣ್ಣಿನ ದೇಹದ ವಿಷಯ ಪಡಸಾಲೆಯ ಪಂಚಾಯ್ತಿಯಾಗುತ್ತದೆ. ಬಾರ್ತಲೋಮ್ಯೂನ ವಾದ ಇದೇ ತಾನೆ? ಎರಡು ಕಾದಂಬರಿಗಳ ನಡುವೆ ಸುಮಾರು ನಲವತ್ತು ವರ್ಷ, ಒಂದು ಸಾಗರ. ಪಡಸಾಲೆ ಹೋಗಿ ಅಂತರ್ಜಾಲ ಬಂದಿದೆ, ದೂರು ಮಾತ್ರ ಬದಲಾಗಿಲ್ಲ. ಮುಂದೆ ಫ್ರಾನ್ಸಿಸ್ ಅವಳ ಕಾದಂಬರಿಯ ಹಸ್ತಪ್ರತಿಯನ್ನು ಸುಡುತ್ತಾನೆ. ಕೊನೆಗೆ ನ್ಯಾಯಾಲಯದಲ್ಲಿ, ತಾವು ಮದುವೆಯೇ ಆಗಿರಲಿಲ್ಲ ಎನ್ನುತ್ತಾನೆ. ಊರಿನ ಸಂಪ್ರದಾಯ ಗಂಡನ ಹಕ್ಕಿಗೆ ಬೇಕು, ಹೊಣೆಗೆ ಬೇಡ.

ಮತ್ತೆ ‘ಅಮೆರಿಕಾನಾ’ಕ್ಕೆ ಬರೋಣ. ಬಾರ್ತಲೋಮ್ಯೂನಂಥವನಿಗೆ ನೈಜೀರಿಯಾದಲ್ಲಿ ಆಂಟಿ ಉಜುವನ್ನು ಮಾತಾಡಿಸುವ ಧೈರ್ಯವೂ ಇರುತ್ತಿರಲಿಲ್ಲ ಎನ್ನಿಸುತ್ತದೆ ಇಫೆಮೆಲುವಿಗೆ. ಮದುವೆಯಾದ ಮೇಲೆ ಅವನು ವೈದ್ಯೆಯಾದ ಹೆಂಡತಿಯ ಸಂಬಳವನ್ನು ತನ್ನ ಕೈಗೆ ಕೊಡಬೇಕೆನ್ನುತ್ತಾನೆ, ಮನೆಯ ಯಜಮಾನ ತಾನೆಂಬ ಕಾರಣಕ್ಕೆ. ಅಂತರ್ಜಾಲದಲ್ಲಿ ಇಂಥದ್ದನ್ನೇ ಅವನು ಸಿದ್ಧಾಂತವಾಗಿ ಬರೆದಿದ್ದ. ಪರದೇಶದಲ್ಲಿ ಗಂಡಸು ಕಳೆದುಕೊಂಡ ದರ್ಜೆಯನ್ನು ಮರಳಿ ಪಡೆಯಲು ಸಂಪ್ರದಾಯದ ವಾದ ಅವನಿಗೆ ಸುಲಭದ ಸಾಧನ. ಈ ವಾದಕ್ಕೆ ಉಜು ಎಲ್ಲಿಯೂ ಬರೆದು ಉತ್ತರ ಕೊಡುವುದಿಲ್ಲ. ಒಂದು ದಿನ ಅವನನ್ನು ಬಿಟ್ಟು ಹೊರಡುತ್ತಾಳೆ. ಡೆಲ್ಟಾ ಮರ್ಮೇಡ್ ಮಾತಿನಲ್ಲಿ ಹೇಳಿದ್ದನ್ನು ಉಜು ಬದುಕಿನಲ್ಲಿ ಮಾಡಿ ತೋರಿಸುತ್ತಾಳೆ.

ಅಡಿಚಿ ಈ ಚರ್ಚೆಯ ಇನ್ನೊಂದು ಮುಖವನ್ನೂ ಬಲ್ಲರು: ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ಮಾತು ಬದಲಾಗುತ್ತದೆ. ಲಂಡನ್ನಿನ ಟ್ಯಾಕ್ಸಿಯೊಂದು ತಾನು ಕರಿಯನೆಂದು ನಿಲ್ಲಿಸದೆ ಹೋದದ್ದನ್ನು ಎಮೆನಿಕೆ ಗೆಳೆಯ ಒಬಿನ್ಜೆಗೆ ಹೇಳುವಾಗ ಅವನ ಸಿಟ್ಟು ಸುಡುವಂತಿರುತ್ತದೆ; ಕೈ ನಡುಗಿದ್ದನ್ನೂ ಹೇಳಿಕೊಳ್ಳುತ್ತಾನೆ. ಅದೇ ಕಥೆ ಬ್ರಿಟಿಷ್ ಹೆಂಡತಿಯ ಸ್ನೇಹಿತರ ಊಟದ ಮೇಜಿಗೆ ಬಂದಾಗ ತಮಾಷೆಯಾಗಿಬಿಡುತ್ತದೆ. ಇಫೆಮೆಲು ಕೂಡ ಹೀಗೆಯೇ: ಭಾಷಣದ ವೇದಿಕೆಯಲ್ಲಿ ಸಭಿಕರಿಗೆ ಹಿತವಾದದ್ದನ್ನು ಹೇಳಿ, ಬ್ಲಾಗ್‌ನಲ್ಲಿ ಅದಕ್ಕೆ ವಿರುದ್ಧವಾದದ್ದನ್ನು ಬರೆಯುತ್ತಾಳೆ. ಹಾಗಾದರೆ ತಮ್ಮವರೊಳಗೆ ನಡೆಯುವ ಜಗಳಕ್ಕೆ ಒಂದು ಬೆಲೆಯಿದೆ. ಅಲ್ಲಿ ಒರಟುತನವಿದೆ, ವೈಯಕ್ತಿಕ ನಿಂದನೆಯಿದೆ. ಆದರೆ ಬಿಳಿಯರ ಮುಂದೆ ಸಭ್ಯವಾಗಿ ಕಾಣಬೇಕೆಂಬ ಒತ್ತಾಯವಿಲ್ಲ. ಸಿಟ್ಟನ್ನು ಸಿಟ್ಟಾಗಿಯೇ ಆಡಬಹುದು.

ಇಲ್ಲಿಯೇ ಕಾದಂಬರಿಯೊಂದಿಗೆ ನನ್ನ ತಕರಾರು. ಅಂತರ್ಜಾಲದ ಈ ಜಗಳಗಂಟರನ್ನು ಇಫೆಮೆಲು ಮರುಕ ಮತ್ತು ತಾತ್ಸಾರ ಬೆರೆತ ಕಣ್ಣಿನಿಂದ ನೋಡುತ್ತಾಳೆ. ವರ್ಷವಿಡೀ ಕೂಡಿಟ್ಟ ಹಣದಲ್ಲಿ ಡಿಸೆಂಬರ್‌ನಲ್ಲಿ ಉಡುಗೊರೆ ತುಂಬಿದ ಪೆಟ್ಟಿಗೆಗಳೊಂದಿಗೆ ಊರಿಗೆ ಹೋಗಿ, ನಂಟರ ಕಣ್ಣಲ್ಲಿ ತಮ್ಮ ದೊಡ್ಡ ಬಿಂಬ ನೋಡಿಕೊಂಡು, ಮರಳಿ ಬಂದು ಕಲ್ಪನೆಯ ಊರಿಗಾಗಿ ಕಾದಾಡುವ ಮಂದಿ ಇವರು ಎಂದುಕೊಳ್ಳುತ್ತಾಳೆ. ಚಿತ್ರಣ ನಿಜ, ನೋಟ ಮೇಲಿನಿಂದ ಬಿದ್ದದ್ದು. ಅವಳ ಬ್ಲಾಗ್ ಅವಳಿಗೆ ಹಣ, ಹೆಸರು, ಪ್ರಿನ್ಸ್‌ಟನ್‌ನ ಫೆಲೋಶಿಪ್ ತಂದಿದೆ. ಬೇಕೆಂದಾಗ ಲಾಗೋಸ್‌ಗೆ ಮರಳುವ ಅನುಕೂಲ ಅವಳಿಗಿದೆ. ಲಾಗೋಸ್‌ನಲ್ಲಿ, ವಿದೇಶದಿಂದ ಮರಳಿದವರ ‘ನೈಜರ್‌ಪಾಲಿಟನ್ ಕ್ಲಬ್’ ಸೇರಿ ಅಲ್ಲಿ ಸಿಗದ ತಿಂಡಿತಿನಿಸುಗಳ ಬಗ್ಗೆ ಗೊಣಗುವವರ ಜೊತೆ ತಾನೂ ದನಿಗೂಡಿಸಿದಾಗ ಅವಳಿಗೆ ತನ್ನ ಬಗ್ಗೆಯೇ ಮುಜುಗರವಾಗುತ್ತದೆ. ಅಡಿಚಿಯ ವ್ಯಂಗ್ಯ ನಾಯಕಿಯನ್ನೂ ಬಿಡುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೂ ಡೆಲ್ಟಾ ಮರ್ಮೇಡ್ ಯಾರು, ಎಲ್ಲಿ ದುಡಿಯುತ್ತಾಳೆ, ಹಾಗೆ ವಾದಿಸಲು ಅವಳಿಗೇನಾಗಿತ್ತು ಎಂಬುದನ್ನು ಕಾದಂಬರಿ ಕೇಳುವುದಿಲ್ಲ. ಅಷ್ಟು ಹರಿತವಾದ ಮಾತನ್ನು ಒಂದೇ ವಾಕ್ಯಕ್ಕೆ ಮುಗಿಸಿಬಿಡುತ್ತದೆ.

ಈ ಮಾತು ಕಾದಂಬರಿಯ ಆಚೆಗೂ ಮುಖ್ಯ. ವಿಶ್ವಬ್ಯಾಂಕಿನ ಅಂದಾಜಿನಂತೆ ಹೊರದೇಶಗಳಲ್ಲಿರುವ ನೈಜೀರಿಯಾದವರು ವರ್ಷಕ್ಕೆ ಸುಮಾರು 2,000 ಕೋಟಿ ಡಾಲರ್ ಊರಿಗೆ ಕಳಿಸುತ್ತಾರೆ. ಆದರೆ 2023ರ ಅಧ್ಯಕ್ಷೀಯ ಚುನಾವಣೆಯಲ್ಲೂ ಅವರಿಗೆ ತಾವಿರುವಲ್ಲಿಂದ ಮತ ಹಾಕುವ ಅವಕಾಶವಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಲಾಗೋಸ್‌ನ ಯುವಕರು ಬೀದಿಗಿಳಿದಾಗ ಲಂಡನ್ನಿನ ಬೀದಿಗಳಲ್ಲೂ ನೈಜೀರಿಯಾದವರು ಸೇರಿದರು. ಹಣ ಕಳಿಸುವ, ಮತವಿಲ್ಲದ ಜನರಿಗೆ ಉಳಿದಿರುವ ದೊಡ್ಡ ಹಕ್ಕು ಮಾತಾಡುವುದೇ. ದೂರ ಕುಳಿತು ಮಾತಾಡಬೇಡಿ ಎಂದು ಅವರ ಬಾಯಿ ಮುಚ್ಚಿಸಿದರೆ ಬಾರ್ತಲೋಮ್ಯೂ ಒಬ್ಬನೇ ಸುಮ್ಮನಾಗುವುದಿಲ್ಲ, ಡೆಲ್ಟಾ ಮರ್ಮೇಡ್ ಕೂಡ ಸುಮ್ಮನಾಗಬೇಕಾಗುತ್ತದೆ.

ದೂರ ಎಂಬುದು ಎರಡು ಕೆಲಸ ಮಾಡುತ್ತದೆ. ಬಿಟ್ಟುಬಂದ ಊರನ್ನು ಬಿಟ್ಟ ದಿನದಲ್ಲೇ ನಿಲ್ಲಿಸಿ, ಅದನ್ನು ಹೆಂಡತಿ-ಮಕ್ಕಳ ಮೇಲೆ ಕಾನೂನಿನಂತೆ ಹೇರಲು ನೆರವಾಗುತ್ತದೆ. ಫ್ರಾನ್ಸಿಸ್ ಮತ್ತು ಬಾರ್ತಲೋಮ್ಯೂ ಬಳಸಿಕೊಂಡದ್ದು ಇದನ್ನು. ಊರಿನಲ್ಲಿದ್ದಾಗ ಕೇಳಲಾಗದ ಪ್ರಶ್ನೆಯನ್ನು ಊರಿಗೆ ಕೇಳುವ ಅವಕಾಶವನ್ನೂ ಅದೇ ದೂರ ಕೊಡುತ್ತದೆ. ಓಬಿ ಅದನ್ನು ಅರ್ಧಕ್ಕೆ ಕೈಬಿಟ್ಟ, ಅಡಾ ಕೊನೆಯವರೆಗೂ ಬಿಡಲಿಲ್ಲ. ಅಡಾಳ ಬದುಕು ಎಮೆಚೆಟಾ ಬದುಕಿನಿಂದಲೇ ಹುಟ್ಟಿದ್ದು. ಫ್ರಾನ್ಸಿಸ್ ಸುಟ್ಟ ಹಸ್ತಪ್ರತಿಯ ಹೆಸರು ‘ದ ಬ್ರೈಡ್ ಪ್ರೈಸ್’. ಎಮೆಚೆಟಾ ಅದನ್ನು ಮತ್ತೆ ಬರೆದು 1976ರಲ್ಲಿ ಅದೇ ಹೆಸರಿನಲ್ಲಿ ಪ್ರಕಟಿಸಿದರು. ಪಂಚಾಯ್ತಿಯ ತೀರ್ಪನ್ನು ಒಪ್ಪದ ಹೆಣ್ಣು ಕೊಟ್ಟ ಉತ್ತರವಾಗಿ ಆ ಪುಸ್ತಕ ಇಂದಿಗೂ ಓದಲು ಸಿಗುತ್ತದೆ.