ಬ್ರೇಕಿನ ಕೆಂಪು ದೀಪ: ಒಂದು ವಿಮರ್ಶೆ

ಪ್ರೌಢಶಾಲೆಯಲ್ಲಿ ಪಾಸ್ಕಲ್‌ನ ನಿಯಮವನ್ನು ಕಲಿಸುವಾಗ ವಾಹನದ ಬ್ರೇಕನ್ನು ಉದಾಹರಣೆಯಾಗಿ ಕೊಡುವುದು ವಾಡಿಕೆ. ಪೆಡಲನ್ನು ಒತ್ತಿದರೆ ಆ ಒತ್ತಡ ದ್ರವದ ಮೂಲಕ ಎಲ್ಲ ಚಕ್ರಗಳಿಗೂ ತಲಪುತ್ತದೆ ಎಂದು ಚಿತ್ರ ಬರೆದು ಪಾಠ ಮುಗಿಸುತ್ತೇವೆ. ಈ ವ್ಯವಸ್ಥೆ ಕೆಟ್ಟರೆ ಚಾಲಕನಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅದನ್ನು ತಿಳಿಸಲೆಂದೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪವಿದೆ. ಹಳೆಯ ಕಾರುಗಳಲ್ಲಿ ಅದನ್ನು ಜೋಡಿಸಿರುವ ಕ್ರಮದಲ್ಲೇ ಒಂದು ಮೂಲಭೂತ ಕೊರತೆಯಿದೆ. ನಮ್ಮ ದುರಸ್ತಿಯ ರೂಢಿ ಆ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

1983ರ ಕೊನೆಯಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಮತ್ತು ಅದರ ಓರಗೆಯ ಸಣ್ಣ ಕಾರುಗಳು ಇಂದಿಗೂ ನಮ್ಮ ಊರುಗಳಲ್ಲಿ ಓಡಾಡುತ್ತಿವೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಇರುವ ವಿದ್ಯುನ್ಮಂಡಲ ಬಹಳ ಸರಳ. 12 ವೋಲ್ಟ್ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಲ್ಬಿಗೆ ಒಂದು ತಂತಿ. ಬಲ್ಬಿನಿಂದ ಮುಂದೆ ಅದು ಎರಡು ಕವಲಾಗುತ್ತದೆ. ಒಂದು ಕವಲು ಹ್ಯಾಂಡ್‌ಬ್ರೇಕಿನ ಬುಡದಲ್ಲಿರುವ ಸ್ವಿಚ್ಚಿಗೆ, ಇನ್ನೊಂದು ಬ್ರೇಕ್ ದ್ರವದ ಡಬ್ಬಿಯೊಳಗಿನ ಸ್ವಿಚ್ಚಿಗೆ ಹೋಗುತ್ತದೆ. ದ್ರವದ ಮಟ್ಟ ಇಳಿದಾಗ ತೇಲುಬೆಂಡೂ ಇಳಿದು ಈ ಎರಡನೆಯ ಸ್ವಿಚ್ಚನ್ನು ಕೂಡಿಸುತ್ತದೆ. ಯಾವ ಸ್ವಿಚ್ಚು ಕೂಡಿದರೂ ತಂತಿ ಕಾರಿನ ಲೋಹದ ಒಡಲಿಗೆ, ಅಂದರೆ ಬ್ಯಾಟರಿಯ ಋಣ ತುದಿಗೆ ಸೇರಿ ದೀಪ ಉರಿಯುತ್ತದೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಇದನ್ನು ಆರ್ ಗೇಟ್ ಎಂದು ಕೂಡಲೇ ಗುರುತಿಸುತ್ತಾರೆ. ಹ್ಯಾಂಡ್‌ಬ್ರೇಕ್ ಒಂದು ಹಲ್ಲು ಇಳಿಯದೆ ಉಳಿದಿದೆಯೋ, ದ್ರವವೇ ಸೋರಿಹೋಗಿದೆಯೋ ಎಂಬ ವ್ಯತ್ಯಾಸ ಆ ದೀಪಕ್ಕೆ ಗೊತ್ತಿಲ್ಲ.

ಆದ್ದರಿಂದ ದೋಷ ಹುಡುಕುವವರು ಕವಲುಗಳನ್ನು ಬಿಡಿಸಿ ನೋಡಬೇಕು. ಮೊದಲು ಡಬ್ಬಿಯನ್ನು ಕಣ್ಣಾರೆ ನೋಡಿ; ದ್ರವ ಕನಿಷ್ಠ ಗೆರೆಗಿಂತ ಕೆಳಗಿದ್ದರೆ ಕಾರಣ ತಿಳಿಯುವವರೆಗೆ ಕಾರನ್ನು ಓಡಿಸಬಾರದು. ಮಟ್ಟ ಸರಿಯಿದ್ದರೆ ಸಮತಟ್ಟಾದ ನೆಲದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಡಬ್ಬಿಯ ಪ್ಲಗ್ಗನ್ನು ಕಳಚಿ. ದೀಪ ಆರಿತೇ? ಹಾಗಾದರೆ ದೋಷ ಡಬ್ಬಿಯ ಸ್ವಿಚ್ಚಿನಲ್ಲಿದೆ. ಆರದಿದ್ದರೆ ಹ್ಯಾಂಡ್‌ಬ್ರೇಕ್ ಸ್ವಿಚ್ಚಿನ ತಂತಿಯನ್ನು ಕಳಚಿ. ಎರಡನ್ನೂ ಕಳಚಿದ ಮೇಲೂ ಉರಿಯುತ್ತಿದ್ದರೆ ತಂತಿಯ ಹೊದಿಕೆ ಎಲ್ಲೋ ಸವೆದು ಒಡಲಿಗೆ ತಾಗುತ್ತಿದೆ.

ರೂಢಿಯಲ್ಲಿ ನಡೆಯುವುದೇ ಬೇರೆ. ದೀಪ ಉರಿಯಿತು, 'ಬ್ರೇಕ್ ಆಯಿಲ್' ಸುರಿದರು, ದೀಪ ಆರಿತು, ಕೆಲಸ ಮುಗಿಯಿತು! ದ್ರವ ಇಳಿದದ್ದೇಕೆ ಎಂದು ಕೇಳುವವರು ವಿರಳ. ಸೋರಿಕೆ ಇಲ್ಲದೆಯೂ ಮಟ್ಟ ಇಳಿಯಬಲ್ಲದು. ಡಿಸ್ಕ್ ಬ್ರೇಕಿನ ಪ್ಯಾಡುಗಳು ಸವೆದಷ್ಟೂ ಪಿಸ್ಟನ್ ಮುಂದೆ ಸರಿಯುತ್ತದೆ. ಅದರ ಹಿಂದೆ ತೆರವಾದ ಜಾಗವನ್ನು ಡಬ್ಬಿಯ ದ್ರವ ತುಂಬುತ್ತದೆ. ಒಂದು ಮಾದರಿ ಲೆಕ್ಕ ಹಾಕೋಣ. ಪಿಸ್ಟನ್ನಿನ ವ್ಯಾಸ 5 ಸೆಂ.ಮೀ. ಆದರೆ ಅದರ ವಿಸ್ತೀರ್ಣ ಸುಮಾರು 19.6 ಚದರ ಸೆಂ.ಮೀ. ಎರಡೂ ಪ್ಯಾಡುಗಳು ತಲಾ 8 ಮಿ.ಮೀ. ಸವೆದರೆ ಒಂದೇ ಪಿಸ್ಟನ್ನಿನ ತೇಲುವ ಕ್ಯಾಲಿಪರಿನಲ್ಲಿ ಪಿಸ್ಟನ್ 1.6 ಸೆಂ.ಮೀ. ಮುಂದೆ ಬರುತ್ತದೆ. ಅಂದರೆ ಒಂದು ಚಕ್ರಕ್ಕೆ 31 ಮಿ.ಲೀ., ಮುಂದಿನ ಎರಡು ಚಕ್ರಗಳಿಗೆ 63 ಮಿ.ಲೀ. ಡಬ್ಬಿಯ ಅಡ್ಡಕೊಯ್ತ 30 ಚದರ ಸೆಂ.ಮೀ. ಇದ್ದರೆ ಮಟ್ಟ 2 ಸೆಂ.ಮೀ.ಗೂ ಹೆಚ್ಚು ಇಳಿದಿರುತ್ತದೆ. ತಿರುವಿನಲ್ಲಿ ಮಾತ್ರ ದೀಪ ಮಿನುಗಿ ಆರುವುದಕ್ಕೆ ಇದು ಕಾರಣವಾಗಿರಬಹುದು, ಏಕೆಂದರೆ ಗೆರೆಯ ಹತ್ತಿರಕ್ಕೆ ಬಂದ ದ್ರವ ತುಳುಕಿದಾಗ ಬೆಂಡು ಕ್ಷಣಕಾಲ ಇಳಿಯುತ್ತದೆ. ಹೀಗೆ ದೀಪ ಪ್ಯಾಡುಗಳ ಸವೆತವನ್ನು ಪರೋಕ್ಷವಾಗಿ ಸೂಚಿಸುತ್ತಿತ್ತು. ಮೇಲಿನಿಂದ ಸುರಿದ 63 ಮಿ.ಲೀ. ಆ ಸೂಚನೆಯನ್ನು ಅಳಿಸಿತು. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದಾಗ ಅಷ್ಟೂ ದ್ರವ ಡಬ್ಬಿಯಿಂದ ಉಕ್ಕಿ ಬಣ್ಣವನ್ನು ಕೀಳುತ್ತದೆ.

'ಆಯಿಲ್' ಎಂಬ ಹೆಸರೂ ಅಪಾಯಕಾರಿ. ಸಾಮಾನ್ಯ ಬ್ರೇಕ್ ದ್ರವ ಗ್ಲೈಕಾಲ್ ಈಥರ್ ಮೂಲದ್ದು, ಖನಿಜ ತೈಲವಲ್ಲ. ಹೆಸರನ್ನು ನಂಬಿ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ.

ಇದಕ್ಕಿಂತ ಗಂಭೀರವಾದ ಕೊರತೆ ದೀಪದ ಮೌನ. ಡಬ್ಬಿಯ ಕವಲಿನ ತಂತಿ ತುಂಡಾದರೆ, ಪ್ಲಗ್ ಕಿಲುಬು ಹಿಡಿದರೆ, ಬಲ್ಬು ಸುಟ್ಟುಹೋದರೆ ದೀಪ ಉರಿಯುವುದಿಲ್ಲ. ಚಾಲಕ ಅದನ್ನು 'ಎಲ್ಲ ಸರಿ' ಎಂದು ಓದುತ್ತಾನೆ. ರೈಲ್ವೆ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಎಂದೋ ಕಂಡುಕೊಂಡಿತ್ತು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಪೇಟೆಂಟ್ ಪಡೆದ ಹಳಿ ಮಂಡಲದಲ್ಲಿ ಹಳಿಗಳ ಮೂಲಕ ವಿದ್ಯುತ್ತು ಸದಾ ಹರಿಯುತ್ತಿರಬೇಕು. ರೈಲು ಬಂದರೂ, ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ರಿಲೇ ಕೆಳಗೆ ಬಿದ್ದು ಸಿಗ್ನಲ್ ಅಪಾಯದ ಸ್ಥಿತಿಗೆ ಬರುತ್ತದೆ. ಅದೇ ವರ್ಷದ ವೆಸ್ಟಿಂಗ್‌ಹೌಸ್ ಸ್ವಯಂಚಾಲಿತ ಗಾಳಿ ಬ್ರೇಕಿನಲ್ಲೂ ಕೊಳವೆ ಒಡೆದರೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ನೂರು ವರ್ಷಗಳ ನಂತರ ತಯಾರಾದ ಕಾರುಗಳಲ್ಲೂ ಈ ತತ್ತ್ವವನ್ನು ದೀಪಕ್ಕೆ ಅನ್ವಯಿಸಲಿಲ್ಲ ಎಂಬುದು, ತಂತಿಯ ಉಳಿತಾಯವನ್ನು ಲೆಕ್ಕಕ್ಕೆ ಹಿಡಿದರೂ, ನನಗೆ ಒಪ್ಪಿಗೆಯಾಗುವುದಿಲ್ಲ.

ಮಂಡಲ ಸುಸ್ಥಿತಿಯಲ್ಲಿದ್ದರೂ ದೀಪ ಅಳೆಯುವುದು ಮಟ್ಟವನ್ನಷ್ಟೇ, ಒತ್ತಡವನ್ನಲ್ಲ. ಮಾಸ್ಟರ್ ಸಿಲಿಂಡರಿನ ಒಳಸೀಲು ಸವೆದರೆ ದ್ರವ ಒಳಗೊಳಗೇ ಹಿಂದಿರುಗುತ್ತದೆ, ಕಾಲ ಕೆಳಗೆ ಪೆಡಲ್ ಮೆಲ್ಲಗೆ ಕುಸಿಯುತ್ತದೆ. ಮಟ್ಟ ಮಾತ್ರ ಇಳಿಯುವುದಿಲ್ಲ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಹೀರಿದ ಸ್ಥಿತಿಗೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಘಾಟಿ ಇಳಿಯುವಾಗ ಬಿಸಿಯಾಗಿ ಕುದಿದರೆ ಆವಿ ಸಂಕುಚಿಸುತ್ತದೆ. ಪಾಸ್ಕಲ್‌ನ ಪಾಠದ ಅಸಂಕುಚನೀಯ ದ್ರವ ಅಲ್ಲಿರುವುದಿಲ್ಲ. ಆಗಲೂ ದೀಪ ಉರಿಯಬೇಕೆಂದಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದು ದೀಪ ಉರಿದದ್ದನ್ನು ನೋಡಿ ತೃಪ್ತರಾಗುವವರೂ ಇದ್ದಾರೆ. ಅದರಿಂದ ಪರೀಕ್ಷೆಯಾಗುವುದು ಬಲ್ಬು, ಫ್ಯೂಸ್ ಮತ್ತು ಆ ಒಂದು ಕವಲು ಮಾತ್ರ. ತೇಲುಬೆಂಡು ಮುಚ್ಚಳಕ್ಕೇ ಅಂಟಿಕೊಂಡಿರುವ ಕಾರುಗಳಲ್ಲಿ ಇನ್ನೊಂದು ಕವಲಿನ ಪರೀಕ್ಷೆ ಸುಲಭ: ಕೀಲಿ ತಿರುಗಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಡಬ್ಬಿಯ ಸುತ್ತಲಿನ ಧೂಳನ್ನು ಒರೆಸಿ ಮುಚ್ಚಳವನ್ನು ಮೇಲೆತ್ತಬೇಕು. ಬೆಂಡು ಕೆಳಗೆ ಜಾರಿ ದೀಪ ಹೊತ್ತಿಕೊಳ್ಳಬೇಕು. ಹೊತ್ತದಿದ್ದರೆ ಮಲ್ಟಿಮೀಟರ್ ಹಿಡಿದು ಪ್ಲಗ್ಗಿನಿಂದ ಹುಡುಕಾಟ ಆರಂಭಿಸಬಹುದು.